ಬಾಯಮ್ಮನ ದ್ರಾಕ್ಷಿ, ಅತ್ತೆಯ ಭರಣಿ

ಗುಳುಕ್... ಗುಳುಕ್... ಎಂದು ಎಲ್ಲಿಂದಲೋ ಸದ್ದು ಬರುತ್ತಿತ್ತು. ಅದರ ಹಿಂದೆಯೇ ಒಂದು ವಾಸನೆ. ಹಣ್ಣು ಕೊಳೆತದ್ದೂ ಅಲ್ಲ, ಹಣ್ಣಾದದ್ದೂ ಅಲ್ಲ, ಹುಳಿ ಸಿಹಿ ಎರಡೂ ಕೂಡಿ ಮೂಗಿನ ತುದಿಯನ್ನು ಚುಚ್ಚುವಂಥದ್ದು. ಕಳೆದ ಬೇಸಗೆಯ ಮೊದಲಲ್ಲಿ ಸೊಸೆಯ ತವರಿನ ಕಡೆ, ಬಿಜಾಪುರ ಸೀಮೆಗೆ ಹೋದಾಗ ಅಲ್ಲೊಂದು ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ತೋಟದವರೇ ವೈನ್ ಮಾಡುತ್ತಾರಂತೆ, ಹೋದವರಿಗೆಲ್ಲ ರುಚಿ ತೋರಿಸುತ್ತಾರಂತೆ. ದೊಡ್ಡ ದೊಡ್ಡ ಸ್ಟೀಲಿನ ಟ್ಯಾಂಕುಗಳು. ಬಾಗಿಲ ಹತ್ತಿರದ ಒಂದು ಗಾಜಿನ ಜಾಡಿಯ ಬಾಯಿಗೆ ಬೆರಳಷ್ಟು ದಪ್ಪದ ನಳಿಗೆ, ಅದರಲ್ಲಿ ಒಂದಿಷ್ಟು ನೀರು. ಆ ನೀರೇ ಗುಳುಕ್ ಎನ್ನುತ್ತಿದ್ದದ್ದು.

"ಒಳಗಿನ ಗಾಳಿ ಹೊರಗೆ ಹೋಗೋಕೆ ದಾರಿ ಇರಬೇಕು ಅಜ್ಜಿ. ಇಲ್ಲಾಂದ್ರೆ ಒಡೆದೇ ಹೋಗುತ್ತೆ," ಎಂದಳು ತೋರಿಸುತ್ತಿದ್ದ ಹುಡುಗಿ ನಗುತ್ತಾ.

ನನಗೆ ನಗು ಬರಲಿಲ್ಲ. ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಎಲ್ಲರೂ ಬಿಸಿಲಿಗೆ ಹೀಗಾಯಿತು ಅಂದುಕೊಂಡರು. ಬಿಸಿಲಲ್ಲ, ಹೆದರಿಕೆ. ಅರವತ್ತು ವರ್ಷಗಳ ಹಿಂದಿನ ಹೆದರಿಕೆ ಎಲ್ಲೂ ಹೋಗಿರಲಿಲ್ಲ, ಈ ವಾಸನೆಗೆ ಕಾಯುತ್ತಾ ನನ್ನೊಳಗೇ ಇತ್ತು.

ಮದುವೆಯಾಗಿ ನಾನು ಯಡ್ತರೆಯಿಂದ ಬ್ರಹ್ಮಾವರಕ್ಕೆ ಬಂದದ್ದು ಅರವತ್ತರ ದಶಕದ ಶುರುವಿನಲ್ಲಿ. ನಾನು ಹುಟ್ಟಾ ಪುಕ್ಕಲು. ಬಾವಿಗೆ ಇಣುಕಲು ಹೆದರಿಕೆ, ಬಸ್ಸಿನ ಹಾರ್ನಿಗೆ ಹೆದರಿಕೆ. ಅಂಥವಳನ್ನು ನಮ್ಮ ಅಪ್ಪಯ್ಯ ಹುಡುಕಿ ಹುಡುಕಿ ಪೊಲೀಸಿನವರಿಗೆ ಕೊಟ್ಟರು! ಅದು ಪಾನನಿರೋಧದ ಕಾಲ. ಒಂದು ಗುಟುಕು ಹೆಂಡ ಮನೆಯಲ್ಲಿ ಸಿಕ್ಕಿದರೂ ಕೇಸು, ಲಾಕಪ್ಪು. ನಮ್ಮವರು ಅದನ್ನು ಹಿಡಿಯುವ ದಳದಲ್ಲಿ ಹೆಡ್ ಕಾನ್‌ಸ್ಟೇಬಲ್. ಗದ್ದೆಯ ಆಚೆ ಬದಿಯಲ್ಲಿ ಕಳ್ಳು ಇಳಿಸಿದರೆ ಈಚೆ ಬದಿಯಲ್ಲಿ ನಿಂತು ಹೇಳುವ ಮೂಗು ಅವರದು ಎಂದು ಠಾಣೆಯಲ್ಲಿ ಹೆಸರಾಗಿತ್ತು. ಮನೆಯಲ್ಲಿ ಜೋರು ಮಾತಾಡಿದವರಲ್ಲ. ಆದರೂ ಅವರು ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕುವವರೆಗೆ ನನಗೆ ಉಸಿರು ಸರಿಯಾಗಿ ಆಡುತ್ತಿರಲಿಲ್ಲ.

ಖಾಕಿಗಿಂತ ಹೆಚ್ಚಿನ ಹೆದರಿಕೆ ಅತ್ತೆಯದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮಗನನ್ನೂ ಮಗಳನ್ನೂ ಸಾಕಿ ದೊಡ್ಡ ಮಾಡಿದವರು. ಮಡಿ ಎಂದರೆ ಮಡಿ. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಅವರ ಮಾವಿನ ಮಿಡಿಯ ಭರಣಿಗಳು ಸಾಲಾಗಿ ಕೂತಿರುತ್ತಿದ್ದವು. ಅವರ ಉಪ್ಪಿನಕಾಯಿಗೆ ಕೋಟದವರೆಗೂ ಹೆಸರಿತ್ತು. ಆ ಕೋಣೆಗೆ ಮಿಂದು, ಒಗೆದ ಸೀರೆ ಉಟ್ಟೇ ಹೋಗಬೇಕು. ತಿಂಗಳ ಆ ದಿನಗಳಲ್ಲಿ ಹೆಂಗಸರು ಅತ್ತ ತಲೆ ಹಾಕುವಂತಿಲ್ಲ, ನೆರಳು ಬಿದ್ದರೂ ಮಿಡಿ ಕೆಟ್ಟಿತು ಎಂದು ಗಲಾಟೆ.

ಇಷ್ಟೆಲ್ಲ ಹೆದರಿಕೆಯ ನಡುವೆ ನಾನು ಹೆದರದೆ ಮಾತಾಡುತ್ತಿದ್ದದ್ದು ಒಬ್ಬರ ಹತ್ತಿರ ಮಾತ್ರ. ಪಕ್ಕದ ಹಿತ್ತಿಲಿನ ಬಾಯಮ್ಮ. ನಮ್ಮ ಕಡೆ ಕ್ರಿಸ್ತಾಂವರ ಹೆಂಗಸರನ್ನು ಹಾಗೇ ಕರೆಯುತ್ತಿದ್ದದ್ದು, ನಾನೂ ಕೊನೆಯವರೆಗೆ ಹಾಗೇ ಕರೆದೆ. ಅವರ ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ ಅಡುಗೆಯವರು. ವರ್ಷಕ್ಕೊಮ್ಮೆ ಬರುವಾಗ ಒಂದು ಸಲ, ಒದ್ದೆ ಗೋಣಿಯಲ್ಲಿ ಸುತ್ತಿ ದ್ರಾಕ್ಷಿಯ ಒಂದು ತುಂಡು ಬಳ್ಳಿ ತಂದಿದ್ದರಂತೆ. ಉಪ್ಪುಗಾಳಿಯ ನಮ್ಮೂರಲ್ಲಿ ದ್ರಾಕ್ಷಿಯೇ, ಎಂದು ಊರೆಲ್ಲ ನಕ್ಕಿತ್ತಂತೆ. ಬಾಯಮ್ಮ ಅದಕ್ಕೆ ಮೀನು ತೊಳೆದ ನೀರು ಹಾಕಿ, ಬೂದಿ ಹಾಕಿ, ಬಾವಿಯ ಪಕ್ಕದಲ್ಲಿ ಚಪ್ಪರಕ್ಕೆ ಹಬ್ಬಿಸಿಬಿಟ್ಟರು. ನಾನು ಬರುವಷ್ಟರಲ್ಲಿ ಅದರ ನೆರಳು ಅರ್ಧ ಅಂಗಳಕ್ಕೆ ಬೀಳುತ್ತಿತ್ತು. ಬೇಸಗೆಯ ಶುರುವಿನಲ್ಲಿ ಕಪ್ಪು ಕಪ್ಪಾದ ಸಣ್ಣ ಗೊಂಚಲುಗಳು. ಬಾಯಿಗೆ ಹಾಕಿದರೆ ಹಲ್ಲು ಚುಳ್ಳೆನ್ನುವ ಹುಳಿ.

"ತಿಂಬುಕಲ್ಲ ಹೆಣೆ ಇದ್," ಎಂದು ಅವರು ಗೋಡೆಯಾಚೆಯಿಂದ ಕಣ್ಣು ಮಿಟುಕಿಸುತ್ತಿದ್ದರು. ತಿನ್ನಲಿಕ್ಕಲ್ಲದಿದ್ದರೆ ಮತ್ತೆ ಯಾವುದಕ್ಕೆ ಎಂಬುದನ್ನು ಹೇಳುತ್ತಿರಲಿಲ್ಲ. ಪೊಲೀಸರ ಹೆಂಡತಿಗೆ ಅದನ್ನು ಹೇಗೆ ಹೇಳುವುದು?

ನಾನು ಬಂದ ಹೊಸತರಲ್ಲಿ ಒಮ್ಮೆ ಜ್ವರ ಬಂದು ಎದ್ದೇಳಲಾರದೆ ಮಲಗಿದ್ದೆ. ಅತ್ತೆ ಕೋಟದಲ್ಲಿ ಮಗಳ ಮನೆಗೆ ಹೋಗಿದ್ದರು, ಇವರು ಡ್ಯೂಟಿಯ ಮೇಲೆ ಬೈಂದೂರಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕುಳಿತವರು ಬಾಯಮ್ಮ. ಅಮ್ಮನ ನೆನಪಾಗಿ ನಾನು ಅತ್ತಾಗ ಗದರಿಸಿದರು, ಗದರಿಸಿ ತಾವೂ ಅತ್ತರು... ಅದನ್ನು ಮರೆಯುವುದುಂಟೇ?

ಆ ವರ್ಷ ಅವರ ಒಬ್ಬಳೇ ಮಗಳಿಗೆ ಕುಂದಾಪುರದ ಹುಡುಗನ ಜೊತೆ ಮದುವೆ ನಿಶ್ಚಯವಾಯಿತು. ಈಸ್ಟರ್ ಕಳೆದ ಮೇಲೆ ಮದುವೆ. ಹುಡುಗನ ಕಡೆಯವರು ಬೊಂಬಾಯಿ ಕಂಡವರು. ನಿಶ್ಚಯದ ದಿನ ಅವರ ಹಿರಿಯರೊಬ್ಬರು, ನಮ್ಮ ಮನೆತನದಲ್ಲಿ ವೈನ್ ಲೋಟ ಎತ್ತದೆ ಯಾವ ಮದುವೆಯೂ ಆಗಿಲ್ಲ ಎಂದು ಎಲ್ಲರೆದುರು ಹೇಳಿದರಂತೆ. ಕಾನೂನು ಇದ್ದರೂ ಆ ಮನೆಗಳಲ್ಲಿ ಕದ್ದುಮುಚ್ಚಿ ಒಂದೊಂದು ಭರಣಿ ಇಡುವುದು ಇದ್ದದ್ದೇ. ಬಾಯಮ್ಮನೂ ಇಟ್ಟರು. ಸ್ವಂತ ಚಪ್ಪರದ ದ್ರಾಕ್ಷಿ, ಸಾಲದ್ದಕ್ಕೆ ಅಂಗಡಿಯ ಒಣದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ. ದಿನಾ ಬೆಳಿಗ್ಗೆ ಭರಣಿಯ ಮೇಲೆ ಬೆರಳಲ್ಲಿ ಶಿಲುಬೆ ಬರೆದು, ಯಾರೊಡನೆಯೂ ಮಾತಾಡದೆ ಮರದ ಸಟ್ಟುಗದಲ್ಲಿ ಕಲಕುವುದು ನನಗೆ ನಮ್ಮ ಬಾವಿಕಟ್ಟೆಯಿಂದ ಅವರ ಕಿಟಕಿಯಲ್ಲಿ ಕಾಣುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಮಿಡಿ ಬಂದಿತ್ತು. ಅತ್ತೆ ಮಿಡಿಗಳನ್ನು ಉಪ್ಪಿನಲ್ಲಿ ಹಾಕಿಟ್ಟು, ಮೊಮ್ಮಗುವಿನ ನಾಮಕರಣಕ್ಕೆಂದು ಮತ್ತೆ ಕೋಟಕ್ಕೆ ಹೋದರು. ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಇವರು ತಟ್ಟೆ ನೋಡುತ್ತಾ ಹೇಳಿದರು:

"ಈ ವಾರ ಕ್ರಿಸ್ತಾಂವರ ಮನಿ ಎಲ್ಲಾ ಶೋಧ್ಸುಕಿತ್ತ್. ಸಾಹೇಬ್ರ್ ಹೊಸಬ್ರ್, ಭಾರೀ ಕಟ್ಟ್‌ನಿಟ್ಟ್. ನೀ ಎಲ್ಲೂ ಬಾಯಿ ಬಿಡ್ಬೇಡ."

ನಾನು ಬಾಯಿ ಬಿಡಲಿಲ್ಲ. ಇವರು ಸೈಕಲ್ ಹತ್ತಿ ಹೋದ ಮೇಲೆ ಬಾವಿಕಟ್ಟೆಯಲ್ಲಿ ಹೋಗಿ ನಿಂತೆ. ಹೇಳಿದರೆ ಗಂಡನಿಗೆ ದ್ರೋಹ, ಹೇಳದಿದ್ದರೆ ಆ ಮದುವೆ ಮುರಿಯುತ್ತದೆ, ಬಾಯಮ್ಮ ಲಾಕಪ್ಪಿನಲ್ಲಿ ಕೂರುತ್ತಾರೆ. ಹಗ್ಗ ಹಿಡಿದುಕೊಂಡು ಅಳುತ್ತಾ ನಿಂತವಳನ್ನು ಆಚೆಯಿಂದ ಅವರು ಕಂಡರು. ನನ್ನನ್ನು ಏನೂ ಕೇಳಲಿಲ್ಲ. ಬಾರ್ಕೂರಿನ ಕಡೆ ಶೋಧ ಶುರುವಾದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

ಸ್ವಲ್ಪ ಹೊತ್ತಿಗೆ ನಮ್ಮ ಹಿಂಬಾಗಿಲಿಗೆ ಬಂದರು. ತಲೆಯ ಮೇಲೆ ಬುಟ್ಟಿ, ಬುಟ್ಟಿಯ ತುಂಬ ಬಸಳೆ, ಬಸಳೆಯ ಅಡಿಯಲ್ಲಿ ಭರಣಿ.

"ಪೊಲೀಸ್ರ್ ಮನಿನ ಪೊಲೀಸ್ರೇ ಶೋಧ ಮಾಡ್ತ್ರಾ ಹೆಣೆ? ನಿನ್ ಮನಿ ಬಿಟ್ರೆ ನಂಗೆ ಬೇರೆ ಜಾಗ ಕಾಂತಿಲ್ಲೆ. ನಿಂಗ್ ಹೆದ್ರಿಕಿ ಆತ್ತ್ ಅಂದ್ರೆ ಹೇಳ್, ಈಗ್ಳೇ ಕೆಸಿನ್ ಬುಡಕ್ಕೆ ಚೆಲ್ಲಿ ಬತ್ತೆ."

ಹೆದರಿಕೆ ಆಗದೆ ಇರುತ್ತದೆಯೇ? ಆದರೆ ಹಣೆಯ ಮೇಲೆ ಇಟ್ಟ ಆ ಒದ್ದೆ ಬಟ್ಟೆಯೂ ನೆನಪಿತ್ತು. ಬುಟ್ಟಿಗೆ ಕೈ ಕೊಟ್ಟೆ. ಇಬ್ಬರೂ ಸೇರಿ ಭರಣಿಯನ್ನು ಕತ್ತಲೆ ಕೋಣೆಯ ಮೂಲೆಯಲ್ಲಿ, ಮಿಡಿಯ ಭರಣಿಗಳ ಸಾಲಿನ ಕೊನೆಯಲ್ಲಿ ಇಟ್ಟೆವು. ಬಾಯಿಗೆ ಒಂದು ತೆಳು ಬಟ್ಟೆ ಮಾತ್ರ. ಮುಚ್ಚಳವನ್ನು ಅವರು ಪಕ್ಕದಲ್ಲಿ ಒರಗಿಸಿಟ್ಟರು.

"ಬಾಯಿ ಬಿಗಿ ಕಟ್ಬೇಡ. ಅದ್ ಉಸ್ರ್ ಬಿಡ್ಕ್. ಉಸ್ರ್ ಕಟ್ರೆ ಒಡುದ್ ಹೋತ್ತ್," ಎಂದು ಹೇಳಿ ಹೋದರು.

ಮಾರನೆಯ ದಿನವೇ ಅತ್ತೆ ಬಂದರು! ಅಲ್ಲಿಂದ ಶುರುವಾಯಿತು ನನ್ನ ನರಕ. ಆ ಕೋಣೆಯ ಬಾಗಿಲು ತೆಗೆದರೆ ಸಾಕು, ಆ ವಾಸನೆ. ಹತ್ತಿರ ಹೋದರೆ ಯಾರೋ ಒಳಗೆ ಕುಳಿತು ಪಿಸುಗುಟ್ಟುವ ಹಾಗೆ ಸಣ್ಣ ಸದ್ದು. ಇವರು ಠಾಣೆಯಿಂದ ಬರುವ ಸೈಕಲ್ಲಿನ ಬೆಲ್ ಕೇಳಿದೊಡನೆ ಒಲೆಯ ಮೇಲೆ ಬಾಣಲೆ ಇಟ್ಟು ಸಾಸಿವೆ, ಇಂಗು, ಒಣಮೆಣಸು ಹಾಕಿ ಮನೆಯೆಲ್ಲ ಘಾಟು ತುಂಬಿಸುತ್ತಿದ್ದೆ. ಒಂದೇ ಸಾರಿಗೆ ದಿನಕ್ಕೆ ಎಷ್ಟು ಸಲ ಒಗ್ಗರಣೆ ಕೊಟ್ಟೆನೋ ದೇವರಿಗೇ ಗೊತ್ತು. ಇವರು ಸೀನುತ್ತಾ ಜಗಲಿಗೆ ಹೋಗಿ ಕೂರುತ್ತಿದ್ದರು. ಅತ್ತೆ ಒಂದು ಸಲ ಮೂಗು ಹಿಗ್ಗಿಸಿ, "ಎಂತದೋ ಹುಳಿ ಹುಳಿ ವಾಸ್ನಿ ಅಲ್ದಾ?" ಎಂದರು. "ಮಿಡಿ ಸೊನೆದ್ ಅತ್ತೆ," ಎಂದೆ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಶೋಧವಾಯಿತು. ಇಗರ್ಜಿಯಿಂದ ಆಗಷ್ಟೇ ಬಂದ ಬಾಯಮ್ಮ ಮಗಳ ಕೈ ಹಿಡಿದು ಅಂಗಳದಲ್ಲಿ ನಿಂತಿದ್ದರು. ನಮ್ಮವರೂ ಆ ಗುಂಪಿನಲ್ಲಿದ್ದರು. ಹುಲ್ಲುಕುತ್ರೆಗೆ ಕೋಲು ಚುಚ್ಚಿದರು, ಬೂದಿಗುಂಡಿ ಕೆದಕಿದರು. ಸಾಹೇಬರು ಚಪ್ಪರದ ಕಡೆ ತಲೆಯೆತ್ತಿ ನೋಡಿ, ಬಳ್ಳಿಯ ಬುಡ ಅಗೆಯಲು ಹೇಳಿದರು. ಹಾರೆ ಬಿದ್ದಾಗಲೆಲ್ಲ ಬಾಯಮ್ಮ ಕಣ್ಣು ಮುಚ್ಚುತ್ತಿದ್ದರು. ನಾನು ಗೋಡೆಯ ಈಚೆ ಕೊಡ ಹಿಡಿದು ನಿಂತಿದ್ದೆ, ಕೊಡದಲ್ಲಿ ನೀರಿತ್ತೋ ಇಲ್ಲವೋ ತಿಳಿಯದು. ಏನೂ ಸಿಗಲಿಲ್ಲ.

ಮುಗಿಯಿತು ಎಂದು ಒಳಗೆ ಬಂದು ಉಸಿರು ಬಿಟ್ಟೆನಷ್ಟೇ. ಹಿಂದೆಯೇ ಇವರ ದನಿ. ಸಾಹೇಬರಿಗೆ ಉಪ್ಪಿನಕಾಯಿಯೆಂದರೆ ಪ್ರಾಣವಂತೆ, ಅಮ್ಮನ ಮಿಡಿಯ ಸುದ್ದಿ ಕೇಳಿ ನಮ್ಮಲ್ಲೇ ಊಟ ಮಾಡಲು ಒಪ್ಪಿದ್ದಾರಂತೆ!

ಬಯಲುಸೀಮೆಯ ದೊಡ್ಡ ಮೀಸೆಯ ಆ ಮನುಷ್ಯ ಚಾವಡಿಯಲ್ಲಿ, ಕತ್ತಲೆ ಕೋಣೆಯ ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ ಎಲೆಯ ಮುಂದೆ ಕುಳಿತರು. ಅತ್ತೆ ಒಂದು ಮಿಡಿ ಬಡಿಸಿದರು. ಅವರು ತಿಂದು ತಲೆದೂಗಿದರು. ಅತ್ತೆಯ ಮುಖ ಅರಳಿತು.

"ಇದ್ ಹೋದ್ ವರ್ಷದ್ದ್ ಸಾಹೇಬ್ರೆ. ಈ ವರ್ಷದ್ದ್ ಇನ್ನೂ ಉಪ್ಪಂಗಿತ್ತ್. ನಮ್ ಸೊಸಿಗೆ ಭರಣಿ ಕಟ್ಟುಕೆ ಬತ್ತಿಲ್ಲೆ ಕಾಣಿ. ಮೂಲಿದ್ ಒಂದ್ ಭರಣಿಗೆ ಬರೀ ಬಟ್ಟಿ ಮುಚ್ಚಿ ಇಟ್ಟಿದ್ಲ್. ಮೊನ್ನೆ ಕಂಡದ್ದೇ ಕಂಡದ್, ನಾನೇ ಮುಚ್ಚಳ ಹಾಕಿ, ಮೇಣ ಮೆತ್ತಿ, ಹುರಿ ಬಿಗ್ದ್, ಮೇಲೊಂದ್ ಕಲ್ಲ್ ಹೇರಿಟ್ಟೆ."

ಕೈಯಲ್ಲಿದ್ದ ಅನ್ನದ ಪಾತ್ರೆ ಜಾರಿತು. ಹೇಗೋ ಹಿಡಿದುಕೊಂಡೆ. ಅವರ ತಪ್ಪೇನಿದೆ? ಮಿಡಿಯ ಭರಣಿಗೆ ಗಾಳಿ ತಾಗಿದರೆ ಹುಳ. ಬಾಯಿ ಸಡಿಲವಿದ್ದ ಭರಣಿ ಕಂಡರೆ ನಮ್ಮ ಕಡೆಯ ಯಾವ ಅತ್ತೆಯಾದರೂ ಹಾಗೇ ಮಾಡುತ್ತಿದ್ದರು. ಕತ್ತಲಲ್ಲಿ ಒಂದು ಭರಣಿ ಹೆಚ್ಚಾದದ್ದು ಅವರಿಗೆ ಕಾಣದೆ, ಸಡಿಲ ಬಟ್ಟೆ ಮಾತ್ರ ಕಂಡಿತ್ತು. ನಾನೋ, ಹೆದರಿ ಎರಡು ದಿನದಿಂದ ಆ ಬಾಗಿಲನ್ನು ತೆಗೆದೇ ಇರಲಿಲ್ಲ.

ಮಜ್ಜಿಗೆ ತರುತ್ತೇನೆಂದು ಒಳಗೆ ಓಡಿ ಕತ್ತಲೆ ಕೋಣೆಗೆ ನುಗ್ಗಿದೆ. ಭರಣಿ ಸದ್ದಿಲ್ಲದೆ ಕೂತಿತ್ತು. ಪಿಸುಮಾತೂ ಇಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಮುಟ್ಟಿದರೆ ಬೆಚ್ಚಗಿತ್ತು. ಕಲ್ಲು ಎತ್ತಿ ಕೆಳಗಿಟ್ಟೆ. ಹುರಿಯ ಗಂಟು ಬಿಚ್ಚಲು ಬರದೆ ಹಲ್ಲಿನಲ್ಲಿ ಎಳೆದೆ. ಗಂಟು ಸಡಿಲವಾದದ್ದೇ ತಡ, ಢಂ ಎಂದು ಮುಚ್ಚಳ ಹಾರಿ ಮಾಡಿನ ಹೆಂಚಿಗೆ ಬಡಿದು ಚೂರಾಯಿತು. ಹಿಂದೆಯೇ ಕೆಂಪು ನೊರೆ ಉಕ್ಕಿತು. ನನ್ನ ಮುಖ, ಸೀರೆ, ಗೋಡೆ, ಮಿಡಿಯ ಭರಣಿಗಳು, ಎಲ್ಲದರ ಮೇಲೂ.

"ಏನದು ಸದ್ದು?" ಎಂದು ಚಾವಡಿಯಿಂದ ಸಾಹೇಬರ ದನಿ. ಮಣೆ ಸರಿದ ಸದ್ದು.

ಎಲ್ಲ ಮುಗಿಯಿತು ಎಂದುಕೊಂಡೆ. ಇವರ ಕೆಲಸ, ಬಾಯಮ್ಮನ ಮಗಳ ಮದುವೆ, ನನ್ನ ಬಾಳು... ಬಾಗಿಲಿಗೆ ಮೊದಲು ಬಂದವರು ಅತ್ತೆ. ನನ್ನನ್ನು ನೋಡಿದರು. ಭರಣಿ ನೋಡಿದರು. ಒಮ್ಮೆ ಉಸಿರೆಳೆದುಕೊಂಡರು. ಅಷ್ಟರಲ್ಲಿ ಅವರಿಗೆ ಎಲ್ಲವೂ ತಿಳಿಯಿತು ಎಂಬುದು ಅವರ ಕಣ್ಣಿನಲ್ಲೇ ಕಂಡಿತು. ಪಕ್ಕದ ಮನೆಯ ಚಪ್ಪರವನ್ನು ಅವರೂ ದಿನಾ ನೋಡುತ್ತಿದ್ದವರೇ. ನಾನು ಕೈ ಮುಗಿದೆ.

ಅತ್ತೆ ಬಾಗಿಲಿಗೆ ಅಡ್ಡ ನಿಂತು, ತಿರುಗಿ, ಊರಿಗೆ ಕೇಳುವ ಹಾಗೆ ಕಿರುಚಿದರು:

"ಯಾರೂ ಒಳ್ಗ್ ಬಪ್ಪುಕಾಗ! ಸೊಸಿ ಹೊರ್ಗಾದ್ದ್ ಹೇಳ್ದೆ ಮಿಡಿ ಭರಣಿ ಮುಟ್ಟಿದ್ಲ್. ಉಕ್ಕಿ ಒಡುದ್ ಹೋಯ್ತ್! ಅಯ್ಯಯ್ಯೋ, ನನ್ ಮಿಡಿ ಎಲ್ಲಾ ಹಾಳಾಯ್ತ್!"

ಹೆಂಗಸರ ಆ ಮೂರು ದಿನದ ಮಾತು ಬಂದ ಮೇಲೆ ಯಾವ ಗಂಡಸು ಆ ಬಾಗಿಲು ದಾಟುತ್ತಾನೆ? ಊರೆಲ್ಲ ಶೋಧಿಸಿ ಬಂದ ಸಾಹೇಬರು ಮಜ್ಜಿಗೆಗೂ ಕಾಯದೆ ಕೈ ತೊಳೆದರು. ಇವರು ಮಾತ್ರ ಒಂದು ಕ್ಷಣ ಅಮ್ಮನ ಹೆಗಲಾಚೆಯಿಂದ ನೊರೆಗೆ ಕೆಂಪಾದ ನನ್ನ ಸೀರೆಯನ್ನು ನೋಡಿದರು. ಗದ್ದೆಯಾಚೆಯ ಕಳ್ಳನ್ನು ಹಿಡಿಯುವ ಮೂಗು... ಹಾಗೇ ತಿರುಗಿ ಸಾಹೇಬರನ್ನು ಬೀಳ್ಕೊಡಲು ಹೋದರು.

ಹೇಳಿದ ಸುಳ್ಳಿಗೆ ಸರಿಯಾಗಿ ನಾನು ಮೂರು ದಿನ ಹಿಂದಿನ ಜಗಲಿಯಲ್ಲಿ ಕೂರಬೇಕಾಯಿತು. ಅತ್ತೆ ಆ ಕೋಣೆಯನ್ನು ಒಬ್ಬರೇ ತೊಳೆದರು. ಮೈಲಿಗೆಯಾದದ್ದು ಅವರ ಮಟ್ಟಿಗೆ ಸುಳ್ಳಾಗಿರಲಿಲ್ಲ, ಆ ವರ್ಷದ ಮಿಡಿಯನ್ನೆಲ್ಲ ತೆಂಗಿನ ಬುಡಕ್ಕೆ ಸುರಿದರು. ಆದರೆ ಮೂಲೆಯ ಭರಣಿಯಲ್ಲಿ ಅರ್ಧ ಉಳಿದದ್ದನ್ನು ಸುರಿಯಲಿಲ್ಲ. ಅದರ ಬಾಯಿಗೆ ತಾವೇ ತೆಳು ಬಟ್ಟೆ ಮುಚ್ಚಿ, ಸಂಜೆ ಗೋಡೆಯ ಹತ್ತಿರ ಹೋಗಿ ಕರೆದರು.

"ಹ್ವಾಯ್ ಬಾಯಮ್ಮ, ತಕಣಿ ನಿಮ್ದ್. ಮಗಳ್ ಮದಿ ಸಸೂತ್ರ ಆಯ್ಲಿ. ಮತ್ ನನ್ ಕೋಣಿಗ್ ಇದ್ ಬಪ್ಪುಕಾಗ."

ಬಾಯಮ್ಮ ಗೋಡೆಯ ಆಚೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತದ್ದು ನನಗೆ ಜಗಲಿಯಿಂದ ಕಾಣುತ್ತಿತ್ತು.

ಮದುವೆ ಆಯಿತು. ನಾವೂ ಹೋಗಿದ್ದೆವು. ಹುಡುಗನ ಕಡೆಯ ಹಿರಿಯರು ಏನೋ ಮಾತಾಡಿ ಲೋಟ ಎತ್ತಿದರು. ಲೋಟಗಳಲ್ಲಿ ತಳ ಮುಚ್ಚುವಷ್ಟೇ ಇತ್ತು. ತಟ್ಟೆ ನಮ್ಮ ಹತ್ತಿರ ಬಂದಾಗ ಬಾಯಮ್ಮ ನಿಂತಲ್ಲೇ ಕಲ್ಲಾದರು. ಇವರು ತಟ್ಟೆಯನ್ನು ನೋಡಿ ಮೆಲ್ಲಗೆ, "ಪುನರ್ಪುಳಿ ಶರಬತ್ತ್ ಅಲ್ದಾ? ನಂಗ್ ಬ್ಯಾಡ, ಶೀತ ಆತ್ತ್," ಎಂದರು. ಪುನರ್ಪುಳಿಯ ಶರಬತ್ತೂ ಅದೇ ಕೆಂಪು. ಮುಂದೆ ಬದುಕಿರುವವರೆಗೂ ಆ ವಿಷಯ ಎತ್ತಲಿಲ್ಲ. ಗಂಡ ಬೇಡವೆಂದ ಮೇಲೆ ನಾನು ಮುಟ್ಟುವುದು ಹೇಗೆ? ಬಾಯಮ್ಮನ ವೈನಿನ ರುಚಿ ನನಗೆ ಗೊತ್ತಾಗಲೇ ಇಲ್ಲ.

ಮಗಳನ್ನು ಕಳಿಸಿಕೊಟ್ಟ ಮರುದಿನ ಬೆಳಿಗ್ಗೆ ಪಕ್ಕದ ಹಿತ್ತಿಲಲ್ಲಿ ಕತ್ತಿಯ ಸದ್ದು. ಓಡಿ ಹೋಗಿ ನೋಡಿದರೆ ಬಾಯಮ್ಮ ಬಳ್ಳಿಯ ಬುಡ ಕಡಿಯುತ್ತಿದ್ದರು. ಅಗೆದ ಮೇಲೂ ಬಾಡದೆ ನಿಂತಿದ್ದ ಬಳ್ಳಿ, ತುದಿಯಲ್ಲಿ ಎಳೆ ಚಿಗುರು. ಬೇಡ ಬೇಡ ಎಂದು ಗೋಡೆಯ ಈಚೆಯಿಂದ ಕೂಗಿಕೊಂಡೆ.

"ಇದ್ ಇದ್ದಷ್ಟ್ ದಿನ ಅವ್ರ್ ಬತ್ತಾ ಇರ್ತ್ರ್ ಹೆಣೆ. ನಂಗೆ ಇನ್ ಹೆದ್ರುಕೆ ಎಡ್ಯ," ಎಂದರು. ಎಡ್ಯ, ಅಂದರೆ ಆಗದು, ತಾಳಲಾರೆ. ಚಪ್ಪರದಿಂದ ಬಳ್ಳಿ ಎಳೆದು ಬಿಸಿಲಿಗೆ ರಾಶಿ ಹಾಕಿದರು. ಮಳೆಗಾಲದಲ್ಲಿ ಅದೇ ಅವರ ಬಚ್ಚಲೊಲೆಗೆ ಹೋಯಿತು.

ಕೆಲವು ವರ್ಷ ಕಳೆದು ಪಾನನಿರೋಧ ಹೋಯಿತು. ಪೇಟೆಯ ರಸ್ತೆಯ ಬದಿಯಲ್ಲೇ ಬೋರ್ಡು ಹಾಕಿಕೊಂಡು ಅಂಗಡಿ ಬಂತು. ಅದರ ಮುಂದೆ ಹಾದು ಬರುವಾಗ ಒಂದು ದಿನ ಬಾಯಮ್ಮ ನಿಂತು, ಸಾಲಾಗಿಟ್ಟ ಬಾಟಲಿಗಳನ್ನು ಬಹಳ ಹೊತ್ತು ನೋಡಿದರು.

"ಈಗ ಯಾರಿಗೂ ಹೆದ್ರಿಕಿ ಇಲ್ಲೆ ಕಾಣ್. ಬಳ್ಳಿಯೂ ಇಲ್ಲೆ."

ಇಷ್ಟೇ ಹೇಳಿದ್ದು. ಎಪ್ಪತ್ತರ ಆಚೀಚೆ ಅವರನ್ನು ಮಗಳು ಬೊಂಬಾಯಿಗೆ ಕರೆದುಕೊಂಡು ಹೋದಳು. ಹೋಗುವ ದಿನ ಬಸ್ಸಿನ ಕಿಟಕಿಯಿಂದ ನನ್ನ ಹಣೆ ಮುಟ್ಟಿ, ಜ್ವರ ಇಲ್ಲ ಎಂದು ನಕ್ಕಿದ್ದರು. ಮತ್ತೆ ಅವರನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿಯೂ ಎಷ್ಟೋ ತಿಂಗಳು ತಡವಾಗಿ ಬಂತು. ಆ ವೇಳೆಗೆ ಅತ್ತೆಯೂ ಇರಲಿಲ್ಲ. ಆ ಬಾವಿ, ಆ ಅಂಗಳ ಈಗ ಹೈವೇಯ ಅಡಿಯಲ್ಲಿವೆ.

ಬಿಜಾಪುರದ ಆ ಹುಡುಗಿ ಚಿಕ್ಕ ಗಾಜಿನ ಲೋಟವೊಂದನ್ನು ನನ್ನ ಮುಂದೆ ಹಿಡಿದಳು. ತಳ ಮುಚ್ಚುವಷ್ಟೇ ಇತ್ತು. ಅದೇ ಬಣ್ಣ. ಸೊಸೆ ನಾನು ಕೈ ಚಾಚದ್ದನ್ನು ಕಂಡು, "ಹೆದರಬೇಡಿ ಅತ್ತೆ, ಬೇಡವಾದರೆ ಬಿಡಿ," ಎಂದಳು. ನಾನು ಲೋಟ ತೆಗೆದುಕೊಂಡೆ. ತುಟಿಗೆ ಮುಟ್ಟಿಸುವ ಮೊದಲು ನನಗೆ ತಿಳಿಯದೆಯೇ ತಿರುಗಿ ಬಾಗಿಲ ಕಡೆ ನೋಡಿದೆ.

ಬಾಗಿಲಲ್ಲಿ ಖಾಕಿ ಅಂಗಿಯಿರಲಿಲ್ಲ. ಅಡ್ಡ ನಿಲ್ಲಲು ಅತ್ತೆ ಇರಲಿಲ್ಲ. ಬಸಳೆಯ ಬುಟ್ಟಿ ಹೊತ್ತು ಬಾಯಮ್ಮನೂ ಬರಲಿಲ್ಲ. ಖಾಲಿ ಬಾಗಿಲು, ಹೊರಗೆ ಬಿಸಿಲು. ಕುಡಿದೆ.